ತಿನಿಸಾದ ಮುನಿಸು

ಸೋಮವಾರ ಬೆಳಿಗ್ಗೆ ಪ್ರಕಾಶನದ ಬಾಗಿಲು ತೆರೆದು ಇನ್ನೂ ಕಾಲು ಗಂಟೆ ಆಗಿರಲಿಲ್ಲ. ನರ್ಸಮ್ಮ ಒಳಗೆ ಬಂದು, ತಮ್ಮ ಪುಸ್ತಕದ ಕರಡು ಪ್ರತಿಯನ್ನು ಮೇಜಿನ ಮೇಲಿಟ್ಟು, ಕನ್ನಡಕ ಮೂಗಿಗೇರಿಸಿ ಜೋರಾಗಿ ಓದಿದರು.

"'ರಜೆಯ ದಿನ ಆಸ್ಪತ್ರೆಯಿಂದ ಕರೆ ಬಂದರೆ ನಮ್ಮನೆಯವರಿಗೆ ಎಲ್ಲಿಲ್ಲದ ತಿನಿಸು. ಅವರ ತಿನಿಸು ಇಳಿಯಲು ಎರಡು ದಿನ ಬೇಕಾಗುತ್ತಿತ್ತು.' ಏನಮ್ಮಾ ಇದು? ತೀರಿಕೊಂಡ ಗಂಡನನ್ನ ಹೊಟ್ಟೆಬಾಕ ಮಾಡಿಬಿಟ್ಟಿದ್ದೀರಲ್ಲ."

ನರ್ಸಮ್ಮ ಮೂವತ್ತನಾಲ್ಕು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದು ನಿವೃತ್ತರಾದವರು. ಈಗ ಆ ದಿನಗಳನ್ನೆಲ್ಲ ಬರೆದಿದ್ದರು, ಮಾತಾಡಿದ ಹಾಗೆಯೇ. ಅವರೆದುರು ಕೂತು ಕರಡು ತಿದ್ದುತ್ತಿದ್ದವಳ ಮುಖ ಕೆಂಪೇರಿತು. ಕಚೇರಿಯಲ್ಲಿ ಎಲ್ಲರೂ ಅವಳನ್ನು ಒತ್ತಕ್ಕ ಎನ್ನುತ್ತಿದ್ದರು. ಒಂಬತ್ತು ವರ್ಷಗಳಿಂದ ದಿನಕ್ಕೆ ಹತ್ತು ಸಲವಾದರೂ "ಇಲ್ಲಿ ಒತ್ತು ಬಿಟ್ಟಿದೆ" ಎಂದು ಕೂಗುವವಳಿಗೆ ಬೇರೆ ಹೆಸರು ಹೇಗೆ ನಿಂತೀತು?

"ನಾನು ನೋಡಿದಾಗ 'ಮುನಿಸು' ಅಂತಲೇ ಇತ್ತು ನರ್ಸಮ್ಮ. ಇದು ಮಹಡಿ ಮೇಲಿನವರ ಕೆಲಸ. ಕೂತಿರಿ, ಬಂದೆ."

ಮಹಡಿ ಮೇಲಿನ ಕೋಣೆಗೆ ಮೂರು ವಾರದ ಹಿಂದೆ ಒಬ್ಬ ಬಂದಿದ್ದ. ಮಾಲೀಕರು ಕಾಗುಣಿತ ನೋಡುವ ಸಾಫ್ಟ್‌ವೇರ್ ಮಾಡಿಸಲು ಕರೆಸಿದವನು. ಅದು ತಪ್ಪೆಂದು ಕಂಡ ಪದದ ಕೆಳಗೆ ಕೆಂಪು ಗೆರೆ ಎಳೆಯುತ್ತಿತ್ತು, ಹಾಗಾಗಿ ಅವನು ಗೆರೆ ಮೇಷ್ಟ್ರು. ಮೆಟ್ಟಿಲಲ್ಲಿ ಎದುರಾದಾಗ ಇಬ್ಬರೂ ತಲೆಯಾಡಿಸಿದ್ದರು, ಅಷ್ಟೇ.

ಅವಳು ಕೋಣೆಗೆ ನುಗ್ಗಿದಾಗ ಮೇಷ್ಟ್ರು ಕಾಣಲಿಲ್ಲ. ಮೇಜಿನ ಕೆಳಗಿಂದ ಎರಡು ಕಾಲು ಮಾತ್ರ ಹೊರಗೆ ಚಾಚಿದ್ದವು. ಒಂದು ಕಾಲುಚೀಲ ನೀಲಿ, ಇನ್ನೊಂದು ಕಪ್ಪು.

ಅವಳು ಕಾಲುಗಳನ್ನೇ ಕೇಳಿದಳು. "ಮುನಿಸು ಅಂದ್ರೆ ಏನು ಗೊತ್ತಾ ನಿಮಗೆ?"

ಕಾಲುಗಳು ಅಲುಗಾಡುವುದು ನಿಂತಿತು. "ಕೋಪ ಅಲ್ವಾ?" ಎಂದಿತು ಮೇಜಿನ ಕೆಳಗಿನ ದನಿ.

"ಅಲ್ಲ. ಕೋಪ ಯಾರ ಮೇಲಾದ್ರೂ ಬರುತ್ತೆ. ಮುನಿಸು ಬೇಕಾದವರ ಮೇಲೆ ಮಾತ್ರ."

"ಹಾಗಾದ್ರೆ ಈಗ ನಿಮಗೆ ನನ್ನ ಮೇಲೆ ಬಂದಿರೋದು?"

"ಕೋಪ."

"ಸದ್ಯ, ಸ್ಪಷ್ಟವಾಯ್ತು," ಎನ್ನುತ್ತ ಅವನು ಹೊರಗೆ ತೆವಳಿ ಬಂದ. ಕೈಯಲ್ಲಿ ವೈರು, ಕೂದಲಲ್ಲಿ ಜೇಡರ ಬಲೆ. ನಗಬಾರದೆಂದು ಅವಳು ಕಿಟಕಿಯ ಕಡೆ ನೋಡಿದಳು. ನಗಬಾರದೆಂದು ನೋಡುತ್ತಿದ್ದಾಳೆಂದು ಅವನಿಗೆ ತಿಳಿದುಹೋಯಿತು.

ಕರಡು ಓದಿ ಅವನು ತಲೆ ಕೆರೆದುಕೊಂಡ. ಶನಿವಾರ ಮಾಲೀಕರು ಬಂದು, ಖುಷಿಯಲ್ಲಿ ತಾವೇ ಕುಳಿತು, ನರ್ಸಮ್ಮನ ಪುಸ್ತಕ ತೆರೆದು 'ಎಲ್ಲ ಬದಲಿಸು' ಗುಂಡಿ ಒತ್ತಿದ್ದರಂತೆ. ಗೆರೆ ಬಿದ್ದ ಪದಗಳ ಜಾಗಕ್ಕೆಲ್ಲ ಅದು ತನಗೆ ಗೊತ್ತಿದ್ದ ಹೋಲುವ ಪದ ತುಂಬಿತ್ತು. "ಗುಂಡಿ ಒತ್ತಿದ್ದು ಅವರು, ಗೆರೆ ಎಳೆದದ್ದು ನಾನು. ಅರ್ಧ ತಪ್ಪು ನನ್ನದೇ ಮೇಡಂ. ಹಳೇ ಪ್ರತಿ ಇದೆ, ಇವತ್ತೇ ಸರಿ ಮಾಡ್ತೀನಿ."

ಹಳೆಯ ಪ್ರತಿಯನ್ನು ಪರದೆಯ ಮೇಲೆ ತೆರೆದ. ಸೊಳ್ಳೆ ಕಚ್ಚಿದ ಮಗುವಿನ ಮೈಯಂತೆ ಪುಟವಿಡೀ ಕೆಂಪು. ಕಚಗುಳಿಗೆ ಗೆರೆ, ನಸುನಗುವಿಗೆ ಗೆರೆ, ಪಿಳಿಪಿಳಿಗೆ ಗೆರೆ. ಓರಗಿತ್ತಿಗೂ ಗೆರೆ.

"ಇವೆಲ್ಲ ದಿನಾ ಆಡೋ ಮಾತು," ಎಂದಳು. "ನಿಮ್ಮ ಸಾಫ್ಟ್‌ವೇರ್‌ಗೆ 'ಅಧಿಸೂಚನೆ' ಗೊತ್ತು, 'ಕಚಗುಳಿ' ಗೊತ್ತಿಲ್ವಾ?"

"ಪದಗಳನ್ನ ನಾನು ಎತ್ತಿದ್ದು ಸರ್ಕಾರಿ ಸುತ್ತೋಲೆಗಳಿಂದ, ವರದಿಗಳಿಂದ. ಅಲ್ಲಿ ಯಾರೂ ಯಾರಿಗೂ ಕಚಗುಳಿ ಇಡೋದಿಲ್ಲ ಮೇಡಂ. ಮುನಿಸಿಕೊಳ್ಳೋದೂ ಇಲ್ಲ."

ಈ ಸಲ ಅವಳು ಕಿಟಕಿಯ ಕಡೆ ತಿರುಗುವ ಮೊದಲೇ ನಗು ಹೊರಗೆ ಬಿದ್ದಿತ್ತು.

ಮರುದಿನದಿಂದ ಹನ್ನೊಂದು ಗಂಟೆಗೆ ಅವನು ಎರಡು ಲೋಟ ಟೀ ಹಿಡಿದು ಕೆಳಗಿಳಿಯತೊಡಗಿದ. ಅವಳ ಕೋಣೆ ಮೆಟ್ಟಿಲ ಅಡಿಯಲ್ಲಿತ್ತು. ಒಂದು ಮೇಜು, ಒಂದು ದೀಪ, ಬೀದಿಗೆ ತೆರೆಯುವ ಪುಟ್ಟ ಕಿಟಕಿ. ಎರಡನೆಯ ಕುರ್ಚಿಗೆ ಜಾಗವಿಲ್ಲದೆ ಅವನು ಪುಸ್ತಕದ ಕಟ್ಟಿನ ಮೇಲೆ ಕೂರುತ್ತಿದ್ದ. ದಿನಕ್ಕೆ ನಲವತ್ತರಂತೆ ಚೀಟಿಯ ಮೇಲೆ ಬರೆದಿಟ್ಟ ಪದಗಳನ್ನು ಅವಳು ಓದುವುದು, ಅವನು ಲ್ಯಾಪ್‌ಟಾಪಿಗೆ ಸೇರಿಸುವುದು.

"ತಡವರಿಸು," ಎನ್ನುತ್ತಿದ್ದಳು.

"ಅಂದ್ರೆ?"

"ಮಾತು ಬಾಯಿಗೆ ಬಂದೂ ಹೊರಗೆ ಬರದೆ ಒದ್ದಾಡೋದು."

"ಅದರ ಅನುಭವ ಇದೆ," ಎಂದು ಅವನು ಪರದೆಯಿಂದ ಕಣ್ಣೆತ್ತುತ್ತಿದ್ದ. ಅವಳು ಸಟ್ಟನೆ ಮುಂದಿನ ಪದಕ್ಕೆ ಹೋಗುತ್ತಿದ್ದಳು. ಆ ನೋಟ ಮಾತ್ರ ಟೀ ಆರಿದ ಮೇಲೂ ಬಿಸಿಯಾಗಿಯೇ ಇರುತ್ತಿತ್ತು.

ಒಂದು ಭಾನುವಾರ ಅವನನ್ನು ಮನೆಗೇ ಕರೆದಳು. ಮನೆಯಲ್ಲಿ ದೊಡ್ಡಮ್ಮ ಇದ್ದರು. ಅಮ್ಮ ಹೋದ ಮೇಲೆ ಅವಳನ್ನು ಸಾಕಿದವರು, ನೆರೆಹೊರೆಯವರ ಬಟ್ಟೆ ಹೊಲಿಯುವವರು. ಪದ ಬೇಕಾದರೆ ದೊಡ್ಡಮ್ಮನ ಬಾಯಿಗಿಂತ ದೊಡ್ಡ ನಿಘಂಟು ಎಲ್ಲೂ ಇಲ್ಲ ಎಂದು ಅವಳೇ ಹೇಳಿದ್ದಳು.

ಹೊಲಿಗೆ ಯಂತ್ರ ನಿಲ್ಲಿಸದೆ ದೊಡ್ಡಮ್ಮ ಕೇಳಿದರು. "ಓರಗಿತ್ತಿ ಅಂದ್ರೇನು ಅಂತ ಗೊತ್ತಿರ್ಲಿಲ್ವಂತೆ? ನಿನ್ನ ಹೆಂಡ್ತಿಗೆ ನಿನ್ನ ತಮ್ಮನ ಹೆಂಡ್ತಿ ಏನಾಗ್ಬೇಕಪ್ಪ?"

"ನನಗೆ ತಮ್ಮ ಇಲ್ಲ."

"ಅಣ್ಣ?"

"ಇಲ್ಲ."

"ಹೆಂಡ್ತಿ?"

"ಅದೂ ಇಲ್ಲ."

ಯಂತ್ರ ನಿಂತಿತು. ದೊಡ್ಡಮ್ಮ ಕನ್ನಡಕದ ಮೇಲಿಂದ ಒಮ್ಮೆ ಅವನನ್ನೂ ಒಮ್ಮೆ ಮಗಳನ್ನೂ ನೋಡಿ, ಮತ್ತೆ ಪೆಡಲ್ ತುಳಿದರು. "ಮದುವೆಗಿದುವೆ ಆಗೋ ಯೋಚನೆ ಇದ್ಯೋ ಇಲ್ವೋ?"

ಅವನು ಆ ಪದವನ್ನೇ ಟೈಪ್ ಮಾಡಿದ. ಗೆರೆ ಬಿತ್ತು. "ದೊಡ್ಡಮ್ಮ, ಇದಕ್ಕೆ ಮದುವೆ ಗೊತ್ತು. ಗಿದುವೆ ಗೊತ್ತಿಲ್ಲ."

"ನಿನಗೆ?"

ಅವನ ಕಿವಿ ಕೆಂಪಾದದ್ದನ್ನು ನೋಡಿ ಅವಳು ನೀರು ತರುವ ನೆಪದಲ್ಲಿ ಒಳಗೆ ಹೋದಳು.

ಹೊರಡುವಾಗ ಬಾಗಿಲಲ್ಲಿ ಅವನು ಹೇಳಿದ. ಅಮ್ಮ ಇರಲಿಲ್ಲ, ಅಪ್ಪನಿಗೆ ಊರೂರು ಸುತ್ತುವ ಕೆಲಸ, ಎಂಟನೇ ವಯಸ್ಸಿನಿಂದ ಹಾಸ್ಟೆಲ್. "ಈ ಪದಗಳು ಸುತ್ತೋಲೆಯಲ್ಲಿರಲಿಲ್ಲ ಅಂದೆನಲ್ಲ, ನಾನು ಬೆಳೆದ ಕಡೆನೂ ಇರಲಿಲ್ಲ. ಅತ್ತೆ, ಅತ್ತಿಗೆ, ಚಿಕ್ಕಮ್ಮ ಅಂತ ಕರೆಯೋಕೆ ಯಾರೂ ಇರಲಿಲ್ಲ. ಇವತ್ತೇ ಮೊದಲು ನಾನು ಯಾರನ್ನೋ ದೊಡ್ಡಮ್ಮ ಅಂದಿದ್ದು."

ಅವನು ತಿರುವಿನಲ್ಲಿ ಮರೆಯಾಗುವ ತನಕ ಅವಳು ಬಾಗಿಲಲ್ಲೇ ನಿಂತಿದ್ದಳು.

ಆಮೇಲೆ ಇದ್ದಕ್ಕಿದ್ದಂತೆ ಟೀ ನಿಂತಿತು.

ಮೊದಲ ದಿನ ಕೆಲಸ ಜಾಸ್ತಿ ಎಂದ. ಎರಡನೆಯ ದಿನ ತಲೆನೋವು. ಮೂರನೆಯ ದಿನ ಅವಳು ಮೆಟ್ಟಿಲು ಹತ್ತುವ ಸದ್ದು ಕೇಳಿ ಫೋನ್ ಕಿವಿಗಿಟ್ಟುಕೊಂಡ. ಫೋನು ತಲೆಕೆಳಗಾಗಿತ್ತು. ಅವಳ ಮೇಜಿನ ಮೇಲೆ ಚೀಟಿಗಳು ಬೆಳೆದವು. ಒಂಬತ್ತು ದಿನ ಹನ್ನೊಂದು ಗಂಟೆ ಬಂತು, ಹೋಯಿತು. ಬೇಸರವಾಗಿರಬೇಕು, ದೊಡ್ಡಮ್ಮನ ಪ್ರಶ್ನೆಗೆ ಹೆದರಿರಬೇಕು ಎಂದುಕೊಂಡಳು. ಹಾಗೆಂದುಕೊಂಡಷ್ಟೂ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಅಳು.

ಹತ್ತನೆಯ ದಿನ ಚೀಟಿಗಳನ್ನೆಲ್ಲ ಡಬ್ಬದಲ್ಲಿ ತುಂಬಿ ಅವನ ಮೇಜಿನ ಮೇಲೆ ಕುಕ್ಕಿದಳು.

"ಕೋಪಾನಾ?" ಎಂದು ಅವನು ಮೆಲ್ಲಗೆ ಕೇಳಿದ.

"ಅಲ್ಲ," ಎಂದಳು. ಹೇಳಿದ ಮೇಲೆ ಏನು ಹೇಳಿದೆನೆಂದು ಹೊಳೆಯಿತು. ಅವನಿಗೂ ಹೊಳೆಯಿತು. ಡಬ್ಬವನ್ನು ಮೆಲ್ಲಗೆ ಅವಳ ಕಡೆಗೇ ತಳ್ಳಿದ.

"ನಾನು ಇವನ್ನ ತಗೊಳೋದಿಲ್ಲ ಮೇಡಂ," ಎಂದ ಅವನು. "ಮಾಲೀಕರು ಹೇಳಿದ್ರು. ಇದು ಪೂರ್ತಿಯಾದ ದಿನ ಕರಡು ತಿದ್ದೋ ವಿಭಾಗ ಮುಚ್ಚುತ್ತಾರಂತೆ. ನಿಮ್ಮನ್ನ ಗೋದಾಮಿಗೆ ಹಾಕಿ ಪಾರ್ಸೆಲ್ ಕಟ್ಟಿಸ್ತಾರಂತೆ. ನೀವು ಕೊಡೋ ಒಂದೊಂದು ಪದವೂ ನಿಮ್ಮ ಕುರ್ಚಿಯನ್ನೇ ಎಳೀತಿದೆ. ಅದನ್ನ ನಾನು ಟೈಪ್ ಮಾಡ್ತಾ ಕೂರಲಾ?"

"ನನಗೆ ಅದು ಮೊದಲ ವಾರವೇ ಗೊತ್ತಿತ್ತು."

ಅವನು ಬೆಪ್ಪಾಗಿ ನೋಡಿದ. "ಮತ್ತೆ ಯಾಕೆ ಕೊಟ್ರಿ?"

"ನಾನು ಕೊಡದಿದ್ರೆ ಮಾಲೀಕರು ಇದನ್ನ ಬಿಡ್ತಾರಾ? ಅರೆಬರೆ ಕಲಿತದ್ದನ್ನೇ ಎಲ್ಲರ ಕೈಗೂ ಕೊಡ್ತಾರೆ. ನಾಳೆ ಯಾವುದೋ ಶಾಲೆ ಹುಡುಗಿ ಮನೇಲಿ ಕೇಳಿದ ಪದ ಬರೀತಾಳೆ, ಕೆಳಗೆ ಗೆರೆ ಬೀಳುತ್ತೆ, ತನ್ನದೇ ತಪ್ಪು ಅಂತ ಅಳಿಸ್ತಾಳೆ. ಅವಳಿಗೆ ಹೇಳೋರು ಯಾರು, ನೀನು ಬರೆದದ್ದು ಸರಿಯಾಗಿದೆ ಅಂತ?" ಉಸಿರು ತೆಗೆದುಕೊಂಡು ಮುಂದುವರಿಸಿದಳು. "ಮತ್ತೆ ನೀವು ನನ್ನನ್ನ ಒಂದು ಮಾತೂ ಕೇಳದೆ ನನ್ನ ಪರವಾಗಿ ತೀರ್ಮಾನ ಮಾಡಿಬಿಟ್ರಿ. ಅದು ನನಗೆ ಹಿಡಿಸಲಿಲ್ಲ."

"ತಪ್ಪಾಯ್ತು."

"ಆಗಿದೆ."

"ಪದ ಕೊಟ್ಟಿದ್ದಕ್ಕೆ ಬೇರೆ ಕಾರಣ ಏನೂ ಇಲ್ವಾ?"

"ಟೀ ಚೆನ್ನಾಗಿರ್ತಿತ್ತು," ಎಂದು ಅವಳು ಪುಸ್ತಕದ ಕಟ್ಟೊಂದನ್ನು ಎಳೆದು ಕೂತಳು. "ಬರ್ಕೊಳ್ಳಿ. ಗೊಣಗು."

ಇನ್ನೂ ಐದು ವಾರ ಹಾಗೆ ನಡೆಯಿತು. ಒಂದು ಶುಕ್ರವಾರ ಮಧ್ಯಾಹ್ನ ಮಾಲೀಕರು ಸಭೆ ಕರೆದರು. ದೊಡ್ಡ ಪರದೆ, ಮುಂದಿನ ಸಾಲಿನಲ್ಲಿ ನರ್ಸಮ್ಮ, ಗೋಡೆಗೆ ಒರಗಿ ನಿಂತ ಅವಳು. ನರ್ಸಮ್ಮ ಹೊಸದಾಗಿ ಬರೆದ ಅಧ್ಯಾಯವೊಂದು ಹಿಂದಿನ ಸಂಜೆಯಷ್ಟೇ ಟೈಪ್ ಆಗಿತ್ತು. ಅವಳಿನ್ನೂ ಅದನ್ನು ನೋಡಿರಲಿಲ್ಲ. ಅದನ್ನೇ ತೆರೆದರು.

ಎಂಟು ಪುಟದಲ್ಲಿ ಎರಡೇ ಗೆರೆ. ಎರಡೂ ನಿಜವಾದ ತಪ್ಪು. ಕಚಗುಳಿ, ಓರಗಿತ್ತಿ, ಪಿಳಿಪಿಳಿ ಎಲ್ಲ ನಿರಾಳವಾಗಿ ಕೂತಿದ್ದವು. ಅವುಗಳನ್ನು ನೋಡಿ ಅವಳಿಗೆ ಹೆಮ್ಮೆ ಉಕ್ಕಿತು. ಜೊತೆಗೇ ಗೋದಾಮಿನ ನೆನಪೂ ಬಂತು.

ಮಾಲೀಕರು ಕೈ ಉಜ್ಜಿಕೊಂಡರು. "ಭೇಷ್. ನಮ್ಮ ಬೇರೆ ಕಚೇರಿಗಳಿಗೂ ನೀವೇ ಹಾಕಿಕೊಡಿ. ಅಂದ್ರೆ ಇನ್ನು ಪುಟ ನೋಡೋಕೆ ಮನುಷ್ಯರು ಬೇಡ, ಅಲ್ವಾ?"

ಹೂಂ ಎಂದರೆ ಅವನಿಗೆ ಇನ್ನೂ ಎರಡು ವರ್ಷದ ಕೆಲಸವಿತ್ತು.

"ಬೇಕು ಸಾರ್," ಎಂದ ಅವನು. "ವರದಿಯಲ್ಲಿ ಮೊದಲ ಸಾಲೇ ಅದು. ಇದು ತಿದ್ದುವವರ ಕೈಗೆ ಸಹಾಯ, ಅವರ ಬದಲಿಗೆ ಅಲ್ಲ. ಬೇಕಾದ್ರೆ ಮೇಡಂ ಒಂದ್ಸಲ ಇದನ್ನ ಓದಲಿ."

ಮಾಲೀಕರ ಹುಬ್ಬು ಗಂಟಾಯಿತು. ಅವಳು ಪರದೆಯ ಹತ್ತಿರ ಹೋಗಿ ಬೆರಳಿಟ್ಟು ಓದತೊಡಗಿದಳು. ಆರನೆಯ ಪುಟದಲ್ಲಿ ಬೆರಳು ನಿಂತಿತು.

"'ಕೂಸು ಉಸಿರಾಡಲಿಲ್ಲ. ಬೆನ್ನು ತಟ್ಟಿದೆ, ಅಂಗಾಲು ಉಜ್ಜಿದೆ. ಎಲ್ಲರೂ ಆಸೆ ಬಿಟ್ಟಾಗ ಕೂಸು ಹತ್ತಿತು.'" ತಿರುಗಿ ಕೇಳಿದಳು. "ಎಲ್ಲಿಗೆ ಹತ್ತಿತು ನರ್ಸಮ್ಮ?"

ನರ್ಸಮ್ಮನ ಹೊಟ್ಟೆ ಕುಲುಕತೊಡಗಿತು. "ಅತ್ತಿತು ಕಣಮ್ಮ. ಅಳ್ತಲ್ಲ, ಅದು. ಹುಟ್ಟಿದ ನಿಮಿಷಕ್ಕೇ ಹತ್ತೋ ಮಗು ನಾನು ಕಂಡಿಲ್ಲ."

"ಬೆಳಿಗ್ಗೆಯಿಂದ ಮೂರು ಸಲ ಓದಿದೀನಿ ಸಾರ್, ನನ್ನ ಕಣ್ಣಿಗೂ ಬೀಳಲಿಲ್ಲ," ಎಂದ ಅವನು. "ಹತ್ತೋದೂ ಪದವೇ, ಅಳೋದೂ ಪದವೇ. ಕೂಸು ಯಾವುದನ್ನ ಮಾಡುತ್ತೆ ಅಂತ ಸಾಫ್ಟ್‌ವೇರ್‌ಗೆ ತಿಳಿಯೋದಿಲ್ಲ."

ನರ್ಸಮ್ಮ ಕಣ್ಣೊರೆಸಿಕೊಂಡು ಮಾಲೀಕರ ಕಡೆ ತಿರುಗಿದರು. "ಈ ಹುಡುಗಿ ನೋಡದೆ ನನ್ನ ಪುಸ್ತಕ ಅಚ್ಚಿಗೆ ಹೋಗೋದಾದ್ರೆ ಈಗಲೇ ವಾಪಸ್ ಕೊಟ್ಟುಬಿಡಿ."

ಮಾಲೀಕರು ಕೆಮ್ಮಿದರು, ಚಾವಣಿ ನೋಡಿದರು. "ವಿಭಾಗ ಮುಚ್ಚೋ ಮಾತು ಯಾರು ಎತ್ತಿದ್ದು ಈಗ?" ಎಂದು ಯಾರನ್ನೂ ನೋಡದೆ ಗೊಣಗಿ ಹೊರಗೆ ನಡೆದರು. ಬೇರೆ ಕಚೇರಿಗಳ ಮಾತು ಮತ್ತೆ ಬರಲಿಲ್ಲ.

ಸಂಜೆ ಬಿಸಿಲು ಇನ್ನೂ ಬೀದಿಯ ಒಂದು ಬದಿಯಲ್ಲಿತ್ತು. ಬ್ಯಾಗು ಹೆಗಲಿಗೇರಿಸಿದ ಅವನ ಜೊತೆ ಅವಳು ಬಸ್ ಸ್ಟಾಪಿನ ತನಕ ನಡೆದಳು. ತೋಳಿಗೆ ತೋಳು ತಾಕಿದಾಗ ಇಬ್ಬರೂ ಸರಿಯಲಿಲ್ಲ.

"ನಿಮ್ಮ ಕೆಲಸ ಹೋಯ್ತಲ್ಲ, ನನ್ನಿಂದ," ಎಂದಳು.

"ಬೇರೆ ಸಿಗುತ್ತೆ. ಕಷ್ಟ ಅದಲ್ಲ. ಸೋಮವಾರದಿಂದ ಇಲ್ಲಿಗೆ ಬರೋಕೆ ಕಾರಣ ಇಲ್ಲ, ಅದು." ಬ್ಯಾಗಿನ ಪಟ್ಟಿ ಸರಿಮಾಡಿಕೊಂಡು ಹೇಳಿದ. "ಭಾನುವಾರ ನಿಮ್ಮ ದೊಡ್ಡಮ್ಮನ ಹತ್ರ ಬಂದು ಒಂದು ಮಾತು ಕೇಳೋಣ ಅಂತಿದ್ದೀನಿ."

"ದೊಡ್ಡಮ್ಮನನ್ನ ಆಮೇಲೆ ಕೇಳಿದ್ರಾಯ್ತು. ಮೊದಲು ಕೇಳಬೇಕಾದವಳು ಇಲ್ಲೇ ನಿಂತಿದ್ದಾಳೆ."

ಅವನು ಬ್ಯಾಗನ್ನು ಕೆಳಗಿಟ್ಟ. ಎರಡು ಕೈಯನ್ನೂ ಏನು ಮಾಡುವುದೆಂದು ತಿಳಿಯದೆ ಜೇಬಿಗೆ ಹಾಕಿದ, ಮತ್ತೆ ತೆಗೆದ.

"ಮಾತಿನ ಮಧ್ಯೆ ನೀವು ಒಮ್ಮೊಮ್ಮೆ ನಿಲ್ತೀರಿ, ಸರಿಯಾದ ಪದಕ್ಕೆ. ಆ ಒಂದು ಗಳಿಗೆ ನಿಮ್ಮ ಮುಖ ನೋಡೋದು ನನಗೆ ತುಂಬ ಇಷ್ಟ. ಆಸೆ ಅಂದ್ರೆ ಇಷ್ಟೇ, ಆ ಮುಖವನ್ನ ಬದುಕಿಡೀ ನೋಡ್ತಾ ಇರಬೇಕು. ನನ್ನ ಮದುವೆ ಆಗ್ತೀರಾ?"

ಅವಳು ತಲೆ ತಗ್ಗಿಸಿ, ಮತ್ತೆ ಎತ್ತಿ, ಅವನನ್ನೇ ನೋಡಿದಳು. ನೋಡಿದ್ದು ಎಷ್ಟು ಹೊತ್ತೆಂದರೆ ಅವನ ಮುಖದ ಬಣ್ಣ ಎರಡು ಸಲ ಬದಲಾಯಿತು. ಅಷ್ಟರಲ್ಲಿ ಅವಳ ಬಸ್ಸು ಬಂತು. ಅವಳು ಹತ್ತಿ, ಬಾಗಿಲ ಕಂಬಿ ಹಿಡಿದು ತಿರುಗಿದಳು.

"ಭಾನುವಾರ ನಾಲ್ಕು ಗಂಟೆಗೆ ಬಾ," ಎಂದಳು.

ಬನ್ನಿ ಅಲ್ಲ, ಬಾ.

ಬಸ್ಸು ಹೊರಟಿತು. ಕಿಟಕಿಯಿಂದ ನೋಡಿದರೆ ಅವನು ನಿಂತಲ್ಲೇ ನಿಂತಿದ್ದ, ಬ್ಯಾಗು ನೆಲದ ಮೇಲೆ, ನಗು ಮುಖವಿಡೀ. ಅವನ ಬಸ್ಸು ಬಂದು, ನಿಂತು, ಅವನನ್ನು ಬಿಟ್ಟು ಹೋದದ್ದು ಅವನಿಗೆ ಗೊತ್ತೇ ಆಗಲಿಲ್ಲ.

ಇತ್ತ ಕಂಡಕ್ಟರ್, ಎಲ್ಲಿಗೆ ಹೋಗಬೇಕೆಂದು ಅವಳನ್ನು ಎರಡು ಸಲ ಕೇಳಬೇಕಾಯಿತು.