ಸದ್ದು ಮಾಡದ ಪಿಸ್ಟನ್

ಕಾರ್ಯ ಮುಗಿದು ನೆಂಟರೆಲ್ಲ ಹೊರಟುಹೋದ ಮೊದಲ ಬೆಳಿಗ್ಗೆ ಕಾವೇರಿ ನೀರು ಬಂತು. ಹೇಮಶ್ರೀ ಸಂಪು ತುಂಬುವವರೆಗೆ ಕಾದು, ಮನೆಗೆ ಬೀಗ ಹಾಕಿ ಠಾಣೆಗೆ ಹೋದಳು. ಅಂದು ಜೂನ್ 9, ಸೋಮವಾರ. ಇನ್‌ಸ್ಪೆಕ್ಟರ್ ಸೋಮಲಿಂಗಪ್ಪ ಅವಳ ದೂರನ್ನು ಓದಿ ಮೇಜಿನ ಮೇಲಿಟ್ಟರು.

"ಇದನ್ನ ಟ್ರಾಫಿಕ್‌ನವರು ಮುಗಿಸಿದಾರಲ್ಲಮ್ಮ."

"ಅವರ ಎಫ್‌ಐಆರ್‌ನಲ್ಲಿ ಆರೋಪಿ ಅಂತ ನನ್ನ ಗಂಡನ ಹೆಸರಿದೆ ಸಾರ್. ಸತ್ತವರೇ ಆರೋಪಿ. ಅದನ್ನ ತೆಗೆಸಬೇಕು."

ಅವಳ ಗಂಡ ಚನ್ನವೀರೇಶ್ ಕಾರ್ ರೇಸಿನ ಹುಚ್ಚಿನವನು. ಮೇ 25ರಂದು ಕೆಂಗೇರಿಯಾಚೆ, ಇನ್ನೂ ಮನೆಗಳೇಳದ ಲೇಔಟಿನ ರಸ್ತೆಯಲ್ಲಿ ಹೊಸ ಎಂಜಿನ್ನಿನ ಪರೀಕ್ಷೆ ಮಾಡುತ್ತಿದ್ದ. ನೈಟ್ರಸ್ ಗುಂಡಿ ಒತ್ತಿದ ಕೂಡಲೇ ಎಂಜಿನ್ ಒಡೆದು, ಆಯಿಲ್ ಚಕ್ರದಡಿ ಹರಿದು, ಕಾರು ಮೋರಿಗೆ ಬಡಿದಿತ್ತು. ಅತಿವೇಗ ಎಂದು ಟ್ರಾಫಿಕ್‌ನವರು ಷರಾ ಬರೆದಿದ್ದರು.

"ವೇಗ ಇತ್ತಲ್ಲಮ್ಮ?"

"ಇತ್ತು. ಆದರೆ ಆ ಎಂಜಿನ್ ಒಡೆಯಬಾರದಿತ್ತು."

ನೈಟ್ರಸ್ ಅನಿಲ ಬಿಟ್ಟರೆ ಪೆಟ್ರೋಲು ಹಲವು ಪಟ್ಟು ಬಿರುಸಾಗಿ ಉರಿಯುತ್ತದೆ. ಅಚ್ಚಿಗೆ ಸುರಿದು ಮಾಡಿದ ಎರಕದ ಪಿಸ್ಟನ್ ಅದನ್ನು ತಡೆಯುವುದಿಲ್ಲ. ರಿಂಗ್ ಕೂರುವ ಅಂಚಿನಲ್ಲಿ ಮುರಿಯುತ್ತದೆ. ಚನ್ನವೀರೇಶ್ ಮೂರು ತಿಂಗಳು ಅದನ್ನೇ ಓದಿ, ಫೋರ್ಜ್ಡ್, ಅಂದರೆ ಒತ್ತಿ ಬಡಿದು ಮಾಡಿದ, ನಾಲ್ಕು ಪಿಸ್ಟನ್‌ಗಳನ್ನು ತನ್ನದೇ ಅಳತೆ ಕೊಟ್ಟು ಹೊರದೇಶದಿಂದ ತರಿಸಿದ್ದ. ತಲೆ ದಪ್ಪ, ಮೇಲಿನ ರಿಂಗು ಮಾಮೂಲಿಗಿಂತ ತುಸು ಕೆಳಗೆ. ಊಟದ ತಟ್ಟೆಯ ಪಕ್ಕ ಡ್ರಾಯಿಂಗ್ ಹರಡಿಕೊಂಡೇ ಉಣ್ಣುತ್ತಿದ್ದ.

"ಮತ್ತೆ ಅನುಮಾನ ಏನು?"

"ಫೋರ್ಜ್ಡ್ ಪಿಸ್ಟನ್ ಬಿಸಿಗೆ ಜಾಸ್ತಿ ಹಿಗ್ಗುತ್ತೆ. ಅದಕ್ಕೆ ಸಿಲಿಂಡರಿನಲ್ಲಿ ಸಡಿಲ ಬಿಡ್ತಾರೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ಬಿಸಿಯಾಗೋವರೆಗೂ ಕಟಕಟ ಅನ್ನುತ್ತೆ, ಕೆಳಗಿನ ಮನೆ ಆಂಟಿಗೆ ಮೊದಲೇ ಹೇಳಿಬಿಡು ಅಂದಿದ್ರು. ಹೇಳಿದ್ದೆ. ಗಾಡಿ ಬಂತು. ಸದ್ದೇ ಇರಲಿಲ್ಲ. ನಾಗೇಂದ್ರನ ಕೈ ಅಂದ್ರೆ ಕೈ ಅಂತ ಖುಷಿಪಟ್ರು. ಒಳಗಿದ್ದಿದ್ದು ಇವರು ತರಿಸಿದ ಪಿಸ್ಟನ್ನೇ ಅಲ್ಲ ಸಾರ್."

ನಾಗೇಂದ್ರ ಎಂಜಿನ್ ಜೋಡಿಸಿದವನು. ಕಾಮಾಕ್ಷಿಪಾಳ್ಯದಲ್ಲಿ ಗ್ಯಾರೇಜಿದೆ.

ಹೆಡ್ ಕಾನ್‌ಸ್ಟೆಬಲ್ ಚಿಕ್ಕಹನುಮಯ್ಯ ಗೋಡೆಗೆ ಒರಗಿ ನಿಂತಿದ್ದರು. "ಸದ್ದು ಮಾಡ್ಲಿಲ್ಲ ಅಂತ ಕಂಪ್ಲೇಂಟು. ನನ್ನ ಸರ್ವೀಸ್‌ನಲ್ಲಿ ಇದೇ ಫಸ್ಟು ಸಾರ್."

ಯಾರೂ ನಗಲಿಲ್ಲ. ಎಫ್‌ಐಆರ್ ದಾಖಲಾಯಿತು.

ಮುಂದೆ ಯಾವುದೂ ಸಲೀಸಾಗಲಿಲ್ಲ. ಕಾರು ಟ್ರಾಫಿಕ್ ಠಾಣೆಯ ಅಂಗಳದಲ್ಲಿತ್ತು. ಬಿಡಿಸಿಕೊಳ್ಳಲು ನ್ಯಾಯಾಲಯದ ಆದೇಶ ಬೇಕಿತ್ತು. ಆದೇಶ ಬಂದಾಗ ಟೋಯಿಂಗ್ ಗಾಡಿ ಕೆಟ್ಟಿತ್ತು. ಹದಿನೈದು ದಿನದಲ್ಲಿ ಒಂದು ಗತಿ ಕಾಣಿಸುತ್ತೇನೆಂದು ಹೇಮಶ್ರೀಗೆ ಹೇಳಿದ್ದ ಸೋಮಲಿಂಗಪ್ಪ ಅವಳ ಫೋನ್ ಬಂದರೆ ಎತ್ತಲು ಹಿಂಜರಿಯತೊಡಗಿದರು.

ಜುಲೈ 4ರಂದು ಪಂಚರ ಸಮಕ್ಷಮ ಎಂಜಿನ್ ಬಿಚ್ಚಿ ಪಂಚನಾಮೆ ಬರೆದರು. ಎರಡನೇ ಪಿಸ್ಟನ್ ಚೂರಾಗಿತ್ತು. ಮುರಿದ ಕಡೆ ಕಲ್ಲುಸಕ್ಕರೆಯಂತೆ ಹರಳುಹರಳು. ಕರೆಸಿದ್ದ ಕಾಲೇಜಿನ ಉಪನ್ಯಾಸಕರು ಅದನ್ನು ತಿರುಗಿಸಿ ನೋಡಿದರು.

"ಎರಕದ್ದೇ ಅನ್ಸುತ್ತೆ."

"ಬರೆದುಕೊಡಿ ಸಾರ್."

"ಅನ್ಸುತ್ತೆ ಅಂದೆ. ಬರೆಯೋಕೆ ಲ್ಯಾಬ್ ರಿಪೋರ್ಟ್ ಬೇಕು."

ಲ್ಯಾಬಿನವರು ಡಿಸೆಂಬರ್ ಅಂದರು.

ಮೂರು ಸಲ ವಿಚಾರಣೆಗೆ ಕರೆಸಿದಾಗಲೂ ನಾಗೇಂದ್ರ ಒಂದೇ ಮಾತು ಹೇಳಿದ. "ಅವನು ತಂದುಕೊಟ್ಟಿದ್ದನ್ನೇ ಹಾಕಿದೀನಿ ಸಾರ್. ಮಚ್ಚಾ ಅಂತಿದ್ದ ನನ್ನ. ಮೋಸ ಮಾಡ್ತೀನಾ?"

ಉಳಿದಿದ್ದು ರಾಜಾಜಿನಗರದ ಬೋರಿಂಗ್ ಅಂಗಡಿ. ಸಿಲಿಂಡರನ್ನು ಕೊರೆದು ಅಳತೆಗೆ ತಂದದ್ದು ಅಲ್ಲಿ. ಅಂಗಡಿಯವನು ಯಂತ್ರ ನಿಲ್ಲಿಸದೆಯೇ ಮಾತಾಡಿದ.

"ಎಷ್ಟು ಸಡಿಲ ಬಿಟ್ಟೆ?" ಸೋಮಲಿಂಗಪ್ಪ ಕೇಳಿದರು.

"ಎರಕದ್ದಕ್ಕೆ ಬಿಡ್ತೀವಲ್ಲ, ಅಷ್ಟೇ. ನಾಗಣ್ಣ ಟೈಟಾಗಿರ್ಲಿ ಅಂದ್ರು."

"ಎರಕದ್ದು ಅಂತ ಗೊತ್ತಿತ್ತಾ?"

"ಕೈಯಲ್ಲಿ ಹಿಡಿದ್ರೆ ಗೊತ್ತಾಗಲ್ವಾ?"

"ಮತ್ತೆ ಯಾಕೆ ಕೇಳ್ಲಿಲ್ಲ?"

"ಪಿಸ್ಟನ್ ಕೈಗೆ ಕೊಟ್ರೆ ಅದಕ್ಕೆ ತಕ್ಕಂಗೆ ಕೊರೀತೀವಿ ಸಾರ್. ಎಲ್ಲಿಂದು, ಯಾರ್ದು ಅಂತ ಕೇಳೋಕೆ ಶುರು ಮಾಡಿದ್ರೆ ನಾಳೆಯಿಂದ ಒಬ್ಬನೂ ಈ ಕಡೆ ತಲೆ ಹಾಕಲ್ಲ."

ಅವನ ಹೇಳಿಕೆ ದಾಖಲಿಸಿ, ವಾರಂಟ್ ಪಡೆದು, ಜುಲೈ 18ರ ಮಧ್ಯಾಹ್ನ ಗ್ಯಾರೇಜ್ ಶೋಧಿಸಿದರು. ದೇವರ ಫೋಟೊದ ಹಿಂದೆ ಎಣ್ಣೆಬಟ್ಟೆಯ ಗಂಟೊಂದು ಸಿಕ್ಕಿತು. ಒಳಗೆ ಒಂದು ಗೀರೂ ಇಲ್ಲದ ನಾಲ್ಕು ಪಿಸ್ಟನ್‌ಗಳು. ತಲೆಗೆ ಕುಂಕುಮ ಇಟ್ಟಿತ್ತು.

"ಇವನು ಮಾರ್ಕೊಂಡಿಲ್ವಲ್ಲ ಸಾರ್," ಎಂದರು ಚಿಕ್ಕಹನುಮಯ್ಯ. "ಪೂಜೆ ಮಾಡವ್ನೆ."

ನಾಗೇಂದ್ರ ಸ್ಟೂಲಿನ ಮೇಲೆ ಕೂತ.

"ಒಡೆದಿದ್ದು ಯಾವುದು?" ಸೋಮಲಿಂಗಪ್ಪ ಕೇಳಿದರು.

"ನಂದು. ಇವನ್ನೇ ನೋಡ್ಕೊಂಡು ಲಗ್ಗೆರೆಯಲ್ಲಿ ಎರಕ ಹಾಕಿಸಿ, ಇಲ್ಲೇ ಲೇತ್‌ನಲ್ಲಿ ತಿರುವಿದ್ದು. ಕೂದಲೆಳೆ ವ್ಯತ್ಯಾಸ ಇಲ್ಲ. ಬೇಕಾದ್ರೆ ಅಳೀರಿ."

"ಆಕಾರ ಒಂದೇ, ಲೋಹ ಬೇರೆ. ಹೇಳಬೇಕಿತ್ತಲ್ಲಯ್ಯ."

"ಹೇಳಿದ್ರೆ ಹಾಕಿಸ್ಕೋತಿರ್ಲಿಲ್ಲ. ಗೆದ್ದಮೇಲೆ ಹೇಳೋಣ ಅಂತಿದ್ದೆ. ಐವತ್ತು ಕುದುರೆಶಕ್ತಿ ಏರಿಸೋದಕ್ಕಿಂತ ಜಾಸ್ತಿ ನೈಟ್ರಸ್ ಬಿಡಬೇಡ ಅಂದಿದ್ದೆ ಸಾರ್."

"ಅವನು ಯಾಕೆ ಅಂತ ಕೇಳ್ಲಿಲ್ವಾ?"

"ಕೇಳ್ದ."

"ಏನಂದೆ?"

ನಾಗೇಂದ್ರ ಕೈಯ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಂಡ. "ಹೊಸ ಎಂಜಿನ್ನು, ಅದಕ್ಕೆ ಅಂದೆ."

ನಿರ್ಲಕ್ಷ್ಯದಿಂದ ಸಾವಿಗೆ ಕಾರಣ ಮತ್ತು ವಂಚನೆಯ ಆರೋಪದ ಮೇಲೆ ಸಂಜೆ ಅವನನ್ನು ಬಂಧಿಸಲಾಯಿತು. ಹೇಳಿಕೆಯ ಕೊನೆಗೆ ಅವನ ಮಾತನ್ನು ಸೋಮಲಿಂಗಪ್ಪ ಹಾಗೆಯೇ ಬರೆದುಕೊಂಡರು: ಇಷ್ಟು ವರ್ಷ ಬೇರೆಯವರು ಮಾಡಿದ ಪಾರ್ಟುಗಳ ಡಬ್ಬಿ ಬಿಚ್ಚಿ ಜೋಡಿಸಿದೆ, ಒಂದು ಸಲ ನಾನು ಮಾಡಿದ್ದೂ ಓಡಲಿ ಅಂತ ಆಸೆಯಾಯಿತು.

ಮರುದಿನ ಹೇಮಶ್ರೀ ಬಂದಳು.

"ಆ ಎಫ್‌ಐಆರ್‌ನಲ್ಲಿ ಹೆಸರು?"

"ತೆಗೀಬೇಕು ಅಂತ ಬರೆದಿದೀನಮ್ಮ. ಚಾರ್ಜ್‌ಶೀಟ್ ಹಾಕಿ, ಕೋರ್ಟು ಒಪ್ಪಿದ ಮೇಲೆ ಹೋಗುತ್ತೆ."

"ಯಾವಾಗ?"

"ಹೇಳೋಕಾಗಲ್ಲ."

ಅವಳು ತಲೆಯಾಡಿಸಿ, ಚೀಲದಿಂದ ಉದ್ದನೆಯ ಕೆಂಪು ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟಳು. ನಟ್ಟುಗಳನ್ನು ಅಳತೆಗೆ ಬಿಗಿಮಾಡುವ ಟಾರ್ಕ್ ರೆಂಚು.

"ಇದು ನಾಗೇಂದ್ರನದು. ಇವರು ಎರವಲು ತಂದಿದ್ರು."

"ಗ್ಯಾರೇಜ್ ಸೀಲ್ ಆಗಿದೆಯಮ್ಮ," ಎಂದರು ಚಿಕ್ಕಹನುಮಯ್ಯ. "ಜಪ್ತಿ ಮಾಡೋ ಸಾಮಾನೂ ಅಲ್ಲ. ಮನೇಲೇ ಇಟ್ಕೊಳಿ."

"ಬೇಡ."

ಹೊರಗಿನ ಬೆಂಚಿನ ಮೇಲೆ ನಾಗೇಂದ್ರನ ಹೆಂಡತಿ ಕೋಕಿಲಾ ಊಟದ ಡಬ್ಬಿ ಹಿಡಿದು ಕೂತಿದ್ದಳು. ಅವಳಾರೆಂದು ಚಿಕ್ಕಹನುಮಯ್ಯ ತಗ್ಗಿದ ದನಿಯಲ್ಲಿ ಹೇಳಿದರು. ಹೇಮಶ್ರೀ ಹೋಗಿ ಪೆಟ್ಟಿಗೆಯನ್ನು ಅವಳ ಪಕ್ಕದಲ್ಲಿಟ್ಟಳು.

"ಇದು ನಿಮ್ಮ ಯಜಮಾನರದು. ಎರವಲು ತಂದಿದ್ದು."

ಕೋಕಿಲಾ ಅವಳ ಮುಖ ನೋಡಿದಳು. ಗುರುತು ಹತ್ತಲಿಲ್ಲ. "ಯಾರು ಕೊಟ್ರು ಅನ್ಲಿ?"

"ಚನ್ನವೀರೇಶ್ ವಾಪಸ್ ಕೊಟ್ರು ಅಂತ ಹೇಳಿ," ಎಂದು ಹೇಮಶ್ರೀ ಮೆಟ್ಟಿಲಿಳಿದಳು.