ಹೊಳೆದಂಡೆಗೆ ನೆಟ್ಟ ಕೋಲು

ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ, ಇನ್ನೆರಡು ದಿನ ಬೀದರ ಜಿಲ್ಲೆಯಲ್ಲಿ ಭಾರೀ ಮಳೆ ಎಂದು ರೇಡಿಯೊ ಬೆಳಿಗ್ಗೆ ಹೇಳಿತು. ಹುಮನಾಬಾದಿನ ಕಚೇರಿ ಅಂಗಳದಲ್ಲಿ ಮಳೆ ಅಳೆಯುವ ಜವಾನ ಮಚ್ಚೇಂದ್ರ ಅದನ್ನು ಕೇಳಿ, ನೇರವಾಗಿ ಅಬ್ದುಲ್ ಕರೀಂನ ಸೈಕಲ್ ಅಂಗಡಿಗೆ ಹೋದ.

"ಕರೀಂ ಭಾಯಿ, ಹಗ್ಗ ತಗೊಳ್ರಿ. ಮುಲ್ಲಾಮಾರಿ ಹೊಳಿ ನಡುಗಡ್ಡಿಗಿ ಹೋಗ್ಬೇಕು. ಜ್ವಾಳ ಕೊಯ್ಯಾಕ ಹೋದ ಒಂಬತ್ತು ಹೆಣ್ಮಕ್ಕಳು ಅಲ್ಲೇ ಬೀಡು ಬಿಟ್ಟಾರ. ದ್ರೌಪತಿ ವೈನಿನೂ ಅದಾರ."

ಕರೀಂ ಹಗ್ಗ ಹೆಗಲಿಗೇರಿಸಿ ಅಂಗಡಿಗೆ ಬೀಗ ಜಡಿದ.

ದ್ರೌಪತಿ ಮಚ್ಚೇಂದ್ರನ ಅಣ್ಣ ನರಸಿಂಗನ ಹೆಂಡತಿ. ಇಪ್ಪತ್ತು ದಿನದ ಹಿಂದೆ, ಹಸ್ತ ಮಳೆಯಲ್ಲಿ, ನರಸಿಂಗ ಅದೇ ಹೊಳೆಯಲ್ಲಿ ಕೊಚ್ಚಿಹೋಗಿದ್ದ. ಆ ಬೆಳಿಗ್ಗೆ ಮಚ್ಚೇಂದ್ರ ತೊಂಬತ್ತನಾಲ್ಕು ಮಿಲಿಮೀಟರ್ ಅಳೆದು, ದಪ್ತರದಲ್ಲಿ ಬರೆದು, ಮೇಲಿನ ಕಚೇರಿಗೆ ತಂತಿ ಕಳಿಸಿ, ಚಹಾ ಕುಡಿದಿದ್ದ. ಊರಿಗೆ ಹೇಳು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಅಂದಿನಿಂದ ಹಸಿವಿಲ್ಲ, ಅಳುವಿಲ್ಲ. ಓಣಿಯವರು ಕಲ್ಲುಮನುಷ್ಯ ಎಂದರೆ ಅದೂ ನಾಟುತ್ತಿರಲಿಲ್ಲ.

ಕೆಂಪು ಕಲ್ಲಿನ ದಿಬ್ಬ ಇಳಿದ ಮೇಲೆ ಸೈಕಲ್ ನಡೆಯಲಿಲ್ಲ. ಎರೆಮಣ್ಣು ಚಪ್ಪಲಿಗೆ ಮೆತ್ತಿ ಕಾಲು ಮಣಭಾರವಾಯಿತು. ಎರಡೂ ಕಡೆ ತೊಗರಿ ಹೂವಾಡಿತ್ತು, ಬಿಸಿಲು ಚುರುಗುಟ್ಟುತ್ತಿತ್ತು, ಮುಗಿಲಿನಲ್ಲಿ ಒಂದು ತುಣುಕು ಮೋಡವಿಲ್ಲ. ಮೊಣಕಾಲುದ್ದದ ನೀರು ದಾಟಿ ಇಬ್ಬರೂ ನಡುಗಡ್ಡೆ ಸೇರಿದರು.

ಮಳೆಯ ಸುದ್ದಿ ಕೇಳಿಯೂ ಗುಂಪಿನ ಹಿರಿಯಳು ಸರುಬಾಯಿ ಕುಡುಗೋಲು ಕೆಳಗಿಡಲಿಲ್ಲ. "ಈ ಸಲ ಚಿತ್ತಿ ಮಳಿ ಕತ್ತೆ ಮ್ಯಾಲ ಬಂದದಂತ ಪಂಚಾಂಗದಾಗ ಅದ. ಕತ್ತೆ ಎಷ್ಟು ನೀರು ಹೊತ್ತೀತಪ್ಪಾ?"

ಮಳೆಗೆ ಯಾವ ವಾಹನವೋ ಅಷ್ಟೇ ಮಳೆ ಎಂಬುದು ಆ ಸೀಮೆಯ ನಂಬಿಕೆ. ಹೆಂಗಸರು ಕಿಸಕ್ಕನೆ ನಕ್ಕರು. ಮಚ್ಚೇಂದ್ರ ವಾದಕ್ಕಿಳಿಯದೆ ಜೋಳದ ದಂಟೊಂದನ್ನು ನೀರಂಚಿಗೆ ನೆಟ್ಟು, ನೀರಿನ ಮಟ್ಟಕ್ಕೆ ಗೀರು ಹಾಕಿ ಕುಳಿತ. ಕರೀಂ ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಗೀರಿನ ಮೇಲೆ ನಾಲ್ಕು ಬೆರಳು ನೀರು ನಿಂತಿತ್ತು.

"ಇಲ್ಲಿ ಬಿಸಿಲದ. ಮ್ಯಾಲ, ಹೊಳಿ ಹುಟ್ಟೋ ಕಲ್ಯಾಣದ ಕಡಿ ಸುರಿಯಾಕತ್ತದ," ಎಂದ ಮಚ್ಚೇಂದ್ರ.

ನಗು ನಿಂತಿತು. ದ್ರೌಪತಿ ಕೋಲನ್ನೇ ನೋಡುತ್ತ ಕೇಳಿದಳು, "ಮಚ್ಚೇಂದ್ರ, ಅವತ್ತೂ ನಿನಗ ಗೊತ್ತಿತ್ತೇನು?"

"ಗೊತ್ತಿತ್ತು ವೈನಿ. ಬರ್ಕೊಂಡು ಸುಮ್ನಾದೆ."

ಅವಳು ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿದಳು. "ನಡೀರಿ ಎಲ್ಲಾರೂ."

ಕರೀಂ ಹಗ್ಗದ ಒಂದು ತುದಿ ಹಿಡಿದು ದಾಟಿ ಆಚೆಯ ಬೇವಿನ ಮರಕ್ಕೆ ಕಟ್ಟಿದ. ಇನ್ನೊಂದು ತುದಿ ಮಚ್ಚೇಂದ್ರನ ಕೈಯಲ್ಲಿ.

ನೀರು ಸೊಂಟಕ್ಕೇರಿತು. ಎಂಟು ಜನ ಹಗ್ಗ ಹಿಡಿದು ದಾಟಿದರು. ಕೊನೆಗೆ ಸರುಬಾಯಿ.

ನಡುನೀರಿನಲ್ಲಿ ತೇಲಿಬಂದ ದಿಮ್ಮಿ ಅವಳಿಗೆ ಬಡಿಯಿತು. ಸರುಬಾಯಿ ಮುಳುಗಿದಳು. ಹಗ್ಗ ಬಿಡಲಿಲ್ಲ.

ಹಗ್ಗ ಮಚ್ಚೇಂದ್ರನ ಅಂಗೈಯಿಂದ ಸರ್ರನೆ ಜಾರಿತು. ಮಣಿಕಟ್ಟಿಗೆ ಸುತ್ತಿಕೊಂಡು ಹಿಮ್ಮಡಿ ಊರಿದ. ಚರ್ಮ ಕಿತ್ತುಹೋಗಿತ್ತು. ಅವನು ಬೇರೆ ಯಾರದೋ ಕೈಯನ್ನು ನೋಡುವಂತೆ ಅದನ್ನು ನೋಡಿದ.

"ಜೋರಲೇ ಹಿಡಿ ಮಿಯಾ!" ಕರೀಂ ಕೂಗುತ್ತ ಧುಮುಕಿ ಸರುಬಾಯಿಯನ್ನು ದಂಡೆಗೆ ಎಳೆದ. ಆಮೇಲೆ ಮಚ್ಚೇಂದ್ರ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ನೀರಿಗಿಳಿದ. ಒಂಬತ್ತು ಹೆಂಗಸರೂ ಸೇರಿ ಅವನನ್ನು ಜಗ್ಗಿಕೊಂಡರು. ಊರು ಮುಟ್ಟುವ ಮೊದಲೇ ಮಳೆ ಬಿತ್ತು. ಸಂಜೆಯ ಹೊತ್ತಿಗೆ ನಡುಗಡ್ಡೆ ನೀರೊಳಗಿತ್ತು.

ಮರುದಿನ ಎಂಟೂವರೆಗೆ ಮಚ್ಚೇಂದ್ರ ಎಂದಿನಂತೆ ಮಳೆನೀರನ್ನು ಅಳತೆಗಾಜಿಗೆ ಸುರಿದು ಅಳೆದ. ಅಳೆದ ನೀರು ಚೆಲ್ಲುವಾಗ ಒಂದಿಷ್ಟು ತುಳುಕಿ ಅಂಗೈ ಗಾಯದ ಮೇಲೆ ಬಿತ್ತು. ಚುರ್ರೆಂದಿತು. "ಯವ್ವಾ!" ಎಂದು ಅಲ್ಲೇ ಕುಕ್ಕರಿಸಿದ. ಇಪ್ಪತ್ತು ದಿನಗಳಲ್ಲಿ ಅವನಿಗೆ ಮೊದಲ ಸಲ ನೋವಾಗಿತ್ತು, ಕಣ್ಣಲ್ಲಿ ನೀರು ಬಂದಿತ್ತು.

ಅರಿಸಿನ ಎಣ್ಣೆಯ ಬಟ್ಟಲು ಹಿಡಿದು ದ್ರೌಪತಿ ಗೇಟಿನಲ್ಲಿ ನಿಂತಿದ್ದಳು. "ಎಷ್ಟಾತು?"

ದಪ್ತರ ಇನ್ನೂ ಮುಚ್ಚಿಯೇ ಇತ್ತು. "ನೂರಾಹನ್ನೆರಡು, ವೈನಿ. ನಾಳೀನೂ ಮಳಿ ಅದಂತ. ಓಣಿಗೆಲ್ಲಾ ಹೇಳ್ರಿ."

ಅವಳು ಬಟ್ಟಲನ್ನು ಅವನ ಪಕ್ಕದಲ್ಲಿಟ್ಟು, ಸೆರಗು ತಲೆಗೆ ಹೊದ್ದು, ಹೇಳಲು ಹೋದಳು.