ಪಕ್ಕದ ಸೀಟಿನ ಅಳತೆ

ಅವಳು ಕೂತ ಕೂಡಲೇ ಸೀಟು ಅವಳ ಬೆನ್ನನ್ನು ಗುರುತು ಹಿಡಿಯಿತು.

ಹಿಡಿಯದೆ ಇನ್ನೇನು? ಫೋಮಿನ ತುಂಡೊಂದನ್ನು ಓರೆಯಾಗಿ ಕತ್ತರಿಸಿ, ಸೊಂಟಕ್ಕೆ ಆನಿಕೆಯಾಗುವಂತೆ ಚರ್ಮದ ಒಳಗೆ ಇಟ್ಟು ಹೊಲಿದವಳು ಅವಳೇ. ಆ ತುಂಡು ಅವಳನ್ನು ಇಷ್ಟೇ ಇಷ್ಟು ಮುಂದಕ್ಕೆ ತಳ್ಳುತ್ತಿತ್ತು. ಹಾಗಾಗಿ ಗಿಡ್ಡ ಹೆಂಗಸಿನ ಕಾಲು ನೆಲಕ್ಕೆ ತಾಗುತ್ತಿತ್ತು. ಅಪ್ಪನಿಂದ ಬಂದ ಕಸುಬಿನಲ್ಲಿ ಊರಿನ ಎಷ್ಟೋ ಕಾರುಗಳಿಗೆ ಸೀಟು ಹೊಲಿದಿದ್ದಳು. ತನಗೆಂದು ಹೊಲಿದದ್ದು ನಲವತ್ತಾರನೇ ವಯಸ್ಸಿನಲ್ಲಿ, ಇದೊಂದೇ. ಯಾರಿಗೂ ಹೇಳಿರಲಿಲ್ಲ. ಕಾರಿನ ಒಡೆಯನಿಗಂತೂ ಇಲ್ಲವೇ ಇಲ್ಲ.

ಒಡೆಯನೆಂದರೆ ಪಕ್ಕದ ಬೀದಿಯ ಕನ್ನಡಕದ ಅಂಗಡಿಯವನು. ಹೆಂಡತಿ ತೀರಿಕೊಂಡು ಹತ್ತು ವರ್ಷ. ಮಗಳಿಗೆ ಮದುವೆಯಾಗಿತ್ತು. ಅವನ ತಂದೆಯ ಕಾಲದ ಆ ಕಾರನ್ನು ಇಬ್ಬರೂ ಸೇರಿ ಮೂರು ವರ್ಷ, ಭಾನುವಾರಕ್ಕೊಂದಿಷ್ಟರಂತೆ, ಶೆಡ್ಡಿನಲ್ಲಿ ಎಬ್ಬಿಸಿ ನಿಲ್ಲಿಸಿದ್ದರು. ಅವನು ಹಿಡಿಕೆ, ದೀಪಗಳನ್ನು ಉಜ್ಜುತ್ತಿದ್ದ. ಇವಳು ಹೊಲಿಯುತ್ತಿದ್ದಳು.

"ಮೂರು ವರ್ಷದಲ್ಲಿ ಒಂದು ಬಸ್ಸಿಗೇ ಸೀಟು ಹೊಲೀಬಹುದಿತ್ತು," ಎಂದು ಮನೆಯಲ್ಲಿ ಅತ್ತಿಗೆ ಚುಚ್ಚುತ್ತಿದ್ದಳು. "ಕೆಲಸ ನಿಧಾನವೋ, ಕೆಲಸದವಳು ನಿಧಾನವೋ?"

ಹಳೆ ಕಾರುಗಳ ಕೂಟಕ್ಕೆ ಎರಡು ದಿನದ ದಾರಿ. "ಜೊತೆಗೆ ಬನ್ನಿ" ಎಂದು ಅವನು ಕರೆದಾಗ, ಅತ್ತಿಗೆಯೇ ಬ್ಯಾಗಿಗೆ ನೀಲಿ ಸೀರೆ ತುರುಕಿದಳು. "ಅವರ ಬಾಯಿಂದ ಒಂದು ಮಾತು ಬರೋವರೆಗೂ ವಾಪಸ್ ಬರಬೇಡ, ನೋಡು."

ಮೊದಲ ದಿನವೆಲ್ಲ ರಸ್ತೆ ಅವರದೇ ಆಗಿತ್ತು.

"ಟೈಲರಮ್ಮಾ, ಆ ಸೈಕಲ್‌ನವನು ನಮ್ಮನ್ನ ಹಿಂದೆ ಹಾಕಿದ."

"ಹೋಗ್ಲಿ ಬಿಡಿ, ಪಾಪ. ಅವನಿಗೆ ಕೆಲಸಕ್ಕೆ ಹೊತ್ತಾಗಿರುತ್ತೆ."

ಅವನು ನಕ್ಕ. ತಲೆಯ ಮೇಲಿನ ಪುಟ್ಟ ಕನ್ನಡಿಯನ್ನು ಸರಿಪಡಿಸಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಸರಿಪಡಿಸಿದ.

"ಹಿಂದಿನ ರಸ್ತೆ ಕಾಣಬೇಕಾದ ಕನ್ನಡೀಲಿ ನನ್ನ ಓಲೆ ಯಾಕೆ ಕಾಣ್ತಿದೆ?"

"ರಸ್ತೆ ಸರಿಯಿಲ್ಲ. ಅಲುಗಾಡಿ ತಿರುಗಿಬಿಟ್ಟಿದೆ."

"ನಿಮ್ಮ ಕೈಯೂ ಹಾಗೇ ಅಲುಗಾಡ್ತೇನೋ?"

ಅವನ ಕಿವಿ ಕೆಂಪಾಯಿತು. ಐವತ್ತು ದಾಟಿದ ಗಂಡಸಿನ ಕಿವಿ ಹಾಗೆ ಕೆಂಪಾಗುವುದನ್ನು ಅವಳು ಅದೇ ಮೊದಲು ನೋಡಿದ್ದು. ನೋಡಿ, ಕಿಟಕಿಯ ಕಡೆ ತಿರುಗಿ ಒಬ್ಬಳೇ ನಕ್ಕಳು.

ಮಧ್ಯಾಹ್ನ ಒಂದು ಏರಿನಲ್ಲಿ ಕಾರು ಕುದಿದು ನಿಂತಿತು. ಎಂಜಿನ್ ತಣ್ಣಗಾಗಲೆಂದು ಬಾನೆಟ್ ಎತ್ತಿ, ಇಬ್ಬರೂ ರಸ್ತೆಬದಿಯ ಕಲ್ಲಿನ ಮೇಲೆ ಕೂತರು. ಇದ್ದ ಒಂದು ಬಾಟಲಿ ನೀರಿನಲ್ಲಿ ಅರ್ಧ ಕಾರಿಗೆ, ಅರ್ಧ ಇವರಿಗೆ.

"ನೀನು ಇಲ್ದೇ ಇದ್ದಿದ್ರೆ ಈ ಕಾರು ಶೆಡ್ಡಲ್ಲೇ ತುಕ್ಕು ಹಿಡೀತಿತ್ತು," ಎಂದ ಅವನು, ಬಾಟಲಿಯ ಮುಚ್ಚಳ ತಿರುಗಿಸುತ್ತ.

ನೀನು. ಮೂರು ವರ್ಷದಲ್ಲಿ ಮೊದಲ ಸಲ. ಅವಳು ಅದನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿದವಳಂತೆ ಜೋಪಾನವಾಗಿ ಇಟ್ಟುಕೊಂಡಳು. ಆ ರಾತ್ರಿ ವಸತಿಗೃಹದ ತನ್ನ ಕೋಣೆಯಲ್ಲಿ ನೀಲಿ ಸೀರೆಯ ಮಡಿಕೆಗಳನ್ನು ಎರಡು ಸಲ ಸರಿ ಮಾಡಿದಳು.

ಮೂರನೇ ದಿನ ಬೆಳಗ್ಗೆ ಕೂಟದ ಮೈದಾನದಲ್ಲಿ ನೂರಾರು ಹಳೆ ಕಾರುಗಳು ಬಾಯಿ ತೆರೆದು ನಿಂತಿದ್ದವು. ಅವನ ಸ್ನೇಹಿತರು ಸುತ್ತುವರಿದರು. ಅವರಲ್ಲೊಬ್ಬ, ಹಸಿರು ಟೋಪಿಯವನು, ನೀಲಿ ಸೀರೆಯನ್ನು ಮೇಲಿಂದ ಕೆಳಗೆ ನೋಡಿ ಕೇಳಿದ: "ಯಾರಪ್ಪಾ ಇವರು, ಜೊತೇಲಿ?"

ಅವಳು ಸೆರಗು ಸರಿಪಡಿಸಿಕೊಂಡು ಅವನ ಕಡೆ ನೋಡಿದಳು.

"ಇವರಾ? ಸೀಟು ಹೊಲಿಯೋರು. ದಾರೀಲಿ ಏನಾದ್ರೂ ಕಿತ್ತುಹೋದ್ರೆ ಇರಲಿ ಅಂತ ಕರ್ಕೊಂಡು ಬಂದೆ."

"ಹಂಗಾದ್ರೆ ಸ್ಟೆಪ್ನಿ ಅನ್ನು!"

ಎಲ್ಲರೂ ಹೋ ಎಂದು ನಕ್ಕರು. ಅವನೂ ನಕ್ಕ.

ಅಷ್ಟರಲ್ಲಿ ತೀರ್ಪುಗಾರರು ಬಂದರು. ನೀಳಕಾಯದ ಮುದುಕರೊಬ್ಬರು. ಪಕ್ಕದ ಸೀಟಿನಲ್ಲಿ ಕೂತು, ಹೊಲಿಗೆಯ ಮೇಲೆ ಬೆರಳಾಡಿಸಿ, ಬೆನ್ನು ಹಿಡಿದುಕೊಂಡು ಎದ್ದರು. "ಹೊಲಿಗೆ ಅಂದ್ರೆ ಇದು! ಆದ್ರೆ ಈ ಸೀಟು ಎಲ್ಲರಿಗೂ ಅಲ್ಲ, ಒಬ್ಬರ ಮೈಗೆ ಅಂತ ಮಾಡಿದ್ದು. ಸುಮಾರು ಇಷ್ಟು ಎತ್ತರದವರು..." ಅವರ ಅಂಗೈ ಗಾಳಿಯಲ್ಲಿ ಇಳಿದು ಸರಿಯಾಗಿ ಅವಳ ನೆತ್ತಿಯ ಮಟ್ಟಕ್ಕೆ ನಿಂತಿತು. "ಯಾರಿಗೆ ಮಾಡಿಸಿದ್ರಿ?"

ಸ್ನೇಹಿತರೆಲ್ಲ ಅಲ್ಲೇ ಇದ್ದರು. ಅವನು ಕನ್ನಡಕ ತೆಗೆದು ಒರೆಸಿದ. ಮತ್ತೆ ಒರೆಸಿದ.

"ಅಳತೆ ತಪ್ಪಿದೆ ಸಾರ್. ಮಧ್ಯಾಹ್ನದೊಳಗೆ ಸರಿ ಮಾಡಿಸ್ತೀನಿ." ಅವಳ ಕಡೆ ತಿರುಗಿದ. "ಮಾಡ್ತೀರಲ್ಲಾ?"

"ಮಾಡ್ತೀನಿ," ಎಂದಳು.

ಜನ ಊಟಕ್ಕೆ ಹೋದಾಗ ಒಬ್ಬಳೇ ಸೀಟಿನ ಹಿಂದೆ ಮಂಡಿಯೂರಿ ಹೊಲಿಗೆ ಬಿಚ್ಚಿದಳು. ಇಂಥ ತೆಳು ಚರ್ಮ ಎರಡು ಸಲ ಸೂಜಿ ತಾಳುತ್ತದೆ. ಮೂರನೇ ಸಲಕ್ಕೆ ತೂತಿನ ಸಾಲುದ್ದಕ್ಕೂ ಹರಿದುಬಿಡುತ್ತದೆ. ಅಪ್ಪ ಹೇಳಿಕೊಟ್ಟ ಮೊದಲ ಪಾಠ ಅದು. ಅವಳು ಫೋಮಿನ ತುಂಡನ್ನು ಹೊರಗೆಳೆದು ಬ್ಯಾಗಿಗೆ ಹಾಕಿದಳು. ಎರಡನೇ ಸಲ ಹೊಲಿದಳು. ಕಣ್ಣು ಮಂಜಾದರೂ ಹೊಲಿಗೆ ಒಂದಿಷ್ಟೂ ಸೊಟ್ಟಗಾಗಲಿಲ್ಲ.

ಸಂಜೆ ಅವನಿಗೆ ಕಪ್ ಬಂತು.

ವಾಪಸ್ ಬರುವಾಗ ಸೀಟು ಬೇರೆ ಯಾರದ್ದೋ ಆಗಿತ್ತು. ಕಾಲು ನೆಲಕ್ಕೆ ತಾಗದೆ ಜೋಲಾಡುತ್ತಿತ್ತು. ಪ್ರತಿ ಹಳ್ಳಕ್ಕೂ ಸೊಂಟ ಚಳಕ್ ಎನ್ನುತ್ತಿತ್ತು. ಅವನು ಮಾತಾಡಿಸಿದಾಗೆಲ್ಲ ಹೂಂ ಎಂದಳು. ಕಾರು ಕುದಿದಿದ್ದ ಆ ಏರಿನ ಕಲ್ಲಿನ ಹತ್ತಿರ ಅವನೇ ಕಾರು ನಿಲ್ಲಿಸಿದ.

"ನಂಗೆ ಗೊತ್ತಿತ್ತು."

ಅವಳು ತಿರುಗಿದಳು.

"ನೀನು ಸೀಟು ಕೂರಿಸಿದ ದಿನಾನೇ ಕೂತು ನೋಡಿದ್ದೆ. ಬೆನ್ನಿಗೆ ಒತ್ತಿತು. ಯಾರ ಅಳತೆ ಅಂತ ಅವತ್ತೇ ತಿಳೀತು."

"ಗೊತ್ತಿದ್ದೂ ಬಿಚ್ಚಿಸಿದ್ರಾ?"

ಅವನು ಸ್ಟೀರಿಂಗ್ ನೋಡುತ್ತ ಕೂತ. "ಆ ಹಸಿರು ಟೋಪಿಯವನು ಮಗಳ ಮಾವನ ಕಡೆಯವನು. ಅಲ್ಲಿ ಹೇಳಿದ್ದಿದ್ರೆ ಮಾರನೇ ಬೆಳಗ್ಗೆ ಅವಳ ಮನೇಲಿ ಮಾತಾಗ್ತಿತ್ತು. ಹೆದರಿಬಿಟ್ಟೆ." ಅವಳ ಕಡೆ ತಿರುಗಿದ. "ಊರಿಗೆ ಹೋಗಿ ಅದನ್ನ ಮತ್ತೆ ಒಳಗೆ ಹಾಕಿಬಿಡು. ಆ ಸೀಟು ನಿಂದೇ. ನೀನಿಲ್ದೆ ನಂಗೆ ಆಗಲ್ಲ."

ಮೂರು ವರ್ಷ ಕಾದಿದ್ದ ಮಾತು. ಅವಳು ಹಿಂದೆ ನೋಡಿದಳು, ಮುಂದೆ ನೋಡಿದಳು. ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

"ಇಲ್ಲಿ ಯಾರೂ ಇಲ್ಲ," ಎಂದಳು. "ಅದಕ್ಕೇ ಹೇಳಿದ್ರಿ."

ಅವನ ಕೈ ಕನ್ನಡಕಕ್ಕೆ ಹೋಯಿತು.

"ಮತ್ತೆ ಹಾಕೋಕಾಗಲ್ಲ. ಮೂರನೇ ಸಲ ಸೂಜಿ ಹಾಕಿದ್ರೆ ಆ ಚರ್ಮ ಹರಿದುಹೋಗುತ್ತೆ."

"ಹೊಸ ಚರ್ಮ ತರಿಸ್ತೀನಿ."

"ತರಿಸಿ. ಬೇರೆಯವರ ಹತ್ರ ಹೊಲಿಸಿ. ಯಾರ ಅಳತೆ ಅಂತ ಅವರೂ ಕೇಳ್ತಾರೆ. ಆಗಾದ್ರೂ ಏನು ಹೇಳ್ತೀರೋ, ಯೋಚಿಸಿಟ್ಟುಕೊಳ್ಳಿ." ಬ್ಯಾಗನ್ನು ಮಡಿಲಿಗೆ ಎಳೆದುಕೊಂಡಳು. "ಹೊರಡಿ. ಅತ್ತಿಗೆ ಕಾಯ್ತಿರ್ತಾರೆ."

ಉಳಿದ ದಾರಿಯುದ್ದಕ್ಕೂ ಕನ್ನಡಿಯಲ್ಲಿ ಹಿಂದಿನ ರಸ್ತೆ ಮಾತ್ರ ಕಾಣುತ್ತಿತ್ತು.

ಅತ್ತಿಗೆ ಬಾಗಿಲಲ್ಲೇ ಹಿಡಿದುಕೊಂಡಳು. "ಏನಾಯ್ತೇ? ಬಂತಾ ಮಾತು?"

"ಬಂತು."

"ಮತ್ತೆ ಮುಖ ಯಾಕೆ ಹೀಗೆ?"

ಅವಳು ಮುಂದಿನ ಕೋಣೆಗೆ ನಡೆದಳು. ಹೊಲಿಗೆ ಯಂತ್ರದ ಮುಂದೆ ಅಪ್ಪನ ಕಾಲದ ಮರದ ಕುರ್ಚಿಯಿತ್ತು. ಇಪ್ಪತ್ತೈದು ವರ್ಷ ಅದರ ತುದಿಯಲ್ಲೇ ಕೂತು ಕಾಲು ಚಾಚಿ ಯಂತ್ರ ತುಳಿದಿದ್ದಳು. ಬ್ಯಾಗಿನಿಂದ ಫೋಮಿನ ತುಂಡನ್ನು ತೆಗೆದು ಬೆನ್ನಿಗಿಟ್ಟು, ಒರಗಿ ಕೂತಳು.

ಅತ್ತಿಗೆ ಒಮ್ಮೆ ಆ ತುಂಡನ್ನು ನೋಡಿದಳು, ಒಮ್ಮೆ ಅವಳ ಮುಖವನ್ನು. "ಟೀ ಇಡ್ತೀನಿ," ಎಂದು ಒಳಗೆ ಹೋದಳು.

ಅವಳ ಕಾಲು ಪೆಡಲಿಗೆ ಸರಿಯಾಗಿ ತಾಗಿತು.